ಗುರುವಾರದ ಕಾಫಿ, ಶಾಪ್‌ನಲ್ಲಿ ಆರು ಸಾವಿರ ಜಾಬ್

ಪುಣೆಯ ಭೋಸರಿಯಿಂದ ಬಂದ ಪತ್ರದ ಸಾರ ಹೀಗಿದೆ: "ನಾವು ಐದು ಜನ ಕನ್ನಡಿಗರು. ಇಲ್ಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಗುರುವಾರ ರಜೆ. ಅಂದು ಬೆಳಿಗ್ಗೆ ನಮ್ಮಲ್ಲೊಬ್ಬರ ಹೋಟೆಲಿನಲ್ಲಿ ಸೇರುತ್ತೇವೆ. ಮೂವರಿಗೆ ಫಿಲ್ಟರ್ ಕಾಫಿ, ಒಬ್ಬರಿಗೆ ಚಹಾ, ಇನ್ನೊಬ್ಬರಿಗೆ ಪಿಯೂಷ್ ಎಂಬ ಇಲ್ಲಿಯ ಸಿಹಿ ಪಾನೀಯ. ವಾಣಿಜ್ಯ ಪುಟ ಓದಿ, ವ್ಯರ್ಥ ಕಳೆದು ಉತ್ಪಾದಿಸುವ ಲೀನ್ ಪದ್ಧತಿಯ ಬಗ್ಗೆ ಮಾತಾಡುತ್ತೇವೆ. ಎರಡು ವರ್ಷವಾಯಿತು, ನನ್ನ ಮಷೀನ್ ಶಾಪ್‌ನಲ್ಲಿ ಮಾತ್ರ ಏನೂ ಬದಲಾಗಿಲ್ಲ. ದಿನಕ್ಕೆ 400 ಜಾಬ್ (ಮಷೀನಿನಲ್ಲಿ ತಯಾರಾಗುವ ಬಿಡಿಭಾಗ) ಹೊರಗೆ ಹೋಗುತ್ತವೆ, ಒಳಗೆ ಯಾವಾಗಲೂ 6,000 ಬಿದ್ದಿರುತ್ತವೆ. ಬಿಲ್ಲಿನ ಹಣ ಬರಲು 75 ದಿನ. ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆಯಲ್ಲಿ 40 ಲಕ್ಷ ಸಾಲ ಎತ್ತಿದ್ದೇನೆ. ಸ್ಟಾಕ್ ಇಡಬೇಡಿ ಎನ್ನುವ ಲೀನ್‌ನಿಂದಲೇ 2021ರಲ್ಲಿ ಚಿಪ್ ಸಿಗದೆ ಕಾರು ಕಂಪನಿಗಳು ನಿಂತವು ಅಂತ ಗೆಳೆಯರ ವಾದ. ಹಾಗಾದರೆ ನಾವು ತಪ್ಪು ದಾರಿ ಹಿಡಿದಿದ್ದೇವೆಯೇ?"

ಪ್ರಿಯ ಓದುಗ ಮಿತ್ರರೇ,

ದಾರಿ ತಪ್ಪಿಲ್ಲ. ತಪ್ಪಿರುವುದು "ಲೀನ್ ಎಂದರೆ ಸ್ಟಾಕ್ ಇಡದಿರುವುದು" ಎಂಬ ತಿಳಿವಳಿಕೆ. ಟೊಯೋಟಾದಲ್ಲಿ ಈ ಪದ್ಧತಿಯನ್ನು ಕಟ್ಟಿದ ತೈಚಿ ಓನೊ ಕಣ್ಣಿಟ್ಟದ್ದು ಕಾಲದ ಮೇಲೆ. ಗಿರಾಕಿ ಆರ್ಡರ್ ಕೊಟ್ಟಲ್ಲಿಂದ ಅವನ ಹಣ ಕೈಸೇರುವವರೆಗೆ ಎಷ್ಟು ದಿನ, ಅದರಲ್ಲಿ ವ್ಯರ್ಥ ಎಷ್ಟು ಎಂಬುದೇ ಅವರ ಲೆಕ್ಕ. ಸ್ಟಾಕ್ ಎಷ್ಟಿರಬೇಕೆಂಬುದು ಆ ದಿನಗಳಿಂದ ಹುಟ್ಟುವ ಸಂಖ್ಯೆ. ಮಾಲು ಬರಲು ಮೂರು ದಿನ ಹಿಡಿದರೆ ಮೂರು ದಿನದ ಸ್ಟಾಕು ಬೇಕು, ಮೂರು ತಿಂಗಳು ಹಿಡಿದರೆ ಮೂರು ತಿಂಗಳದು ಬೇಕು. ಚಿಪ್ ಬರಲು ಹಿಡಿಯುವುದು ತಿಂಗಳುಗಳು. ಜಪಾನಿನಲ್ಲಿ 2011ರ ಭೂಕಂಪದ ಪೆಟ್ಟು ತಿಂದ ಟೊಯೋಟಾ, ತನ್ನ ಪೂರೈಕೆದಾರರು ಎರಡರಿಂದ ಆರು ತಿಂಗಳಿಗೆ ಸಾಕಾಗುವಷ್ಟು ಚಿಪ್ ಇಟ್ಟುಕೊಳ್ಳಬೇಕೆಂದು ಗೊತ್ತುಮಾಡಿತ್ತು. ಅದರಿಂದಲೇ 2021ರ ಮೊದಲ ತಿಂಗಳುಗಳಲ್ಲಿ ಬೇರೆ ಕಂಪನಿಗಳು ಲೈನ್ ನಿಲ್ಲಿಸುತ್ತಿದ್ದಾಗ ಅದು ತಡೆದುಕೊಂಡಿತು. ಲೀನ್ ಕಲಿಸಿದ ಕಂಪನಿಯೇ ಬೇಕಾದಲ್ಲಿ ಸ್ಟಾಕ್ ಇಟ್ಟಿದೆ ಎಂದು ನಿಮ್ಮ ಗೆಳೆಯರಿಗೆ ಹೇಳಿ.

ಇದೇ ಲೆಕ್ಕ ನಿಮ್ಮ ಕಪ್ಪಿನಲ್ಲೂ ಇದೆ. ಹೋಟೆಲಿನ ಗೆಳೆಯರಿಗೆ ಬೆಳಿಗ್ಗೆ 7:30ರಿಂದ 10ರವರೆಗೆ 150 ಕಾಫಿ ಹೋಗುತ್ತದೆ ಎಂದಿಟ್ಟುಕೊಳ್ಳಿ. 150 ನಿಮಿಷಕ್ಕೆ 150 ಕಪ್ಪು, ಅಂದರೆ ನಿಮಿಷಕ್ಕೊಂದು. ಲೀನ್ ಭಾಷೆಯ ಟ್ಯಾಕ್ಟ್ ಟೈಮ್ ಇದೇ, 60 ಸೆಕೆಂಡು. 200 ಗ್ರಾಂ ಪುಡಿಗೆ ಒಂದು ಲೀಟರ್ ಕುದಿನೀರು ಹಾಕಿದರೆ ಪುಡಿಯೇ ಸುಮಾರು 400 ಮಿ.ಲೀ. ಹೀರಿಕೊಂಡು 600 ಮಿ.ಲೀ. ಡಿಕಾಕ್ಷನ್ ಇಳಿಯುತ್ತದೆ. ಕಪ್ಪಿಗೆ 30 ಮಿ.ಲೀ. ಹಿಡಿದರೆ 20 ಕಪ್ಪು, 20 ನಿಮಿಷದ ಮಾಲು. ಇಳಿಯಲು ಕೂಡ ಹೆಚ್ಚುಕಮ್ಮಿ 20 ನಿಮಿಷ ಬೇಕು. ಹಾಗಾಗಿ ಒಂದು ಫಿಲ್ಟರ್ ಬಡಿಸುವುದರಲ್ಲಿ, ಒಂದು ಇಳಿಯುವುದರಲ್ಲಿ, ಒಂದು ಆಪತ್ತಿಗೆ, ಒಟ್ಟು ಮೂರು ಸಾಕು. ಖಾಲಿಯಾದ ಫಿಲ್ಟರ್ ಕಟ್ಟೆಯ ಮೇಲೆ ಬಂದು ಕೂತರೆ ಅದೇ "ಮುಂದಿನದು ಹಾಕು" ಎಂಬ ಚೀಟಿ. ಯಾರೂ ಕೂಗಿ ಹೇಳಬೇಕಿಲ್ಲ. ಇದನ್ನು ಬಿಟ್ಟು ಬೆಳಿಗ್ಗೆ 7ಕ್ಕೇ 150 ಕಪ್ಪಿನ ಡಿಕಾಕ್ಷನ್ ಇಳಿಸಿಟ್ಟರೆ ಒಂಬತ್ತರ ಹೊತ್ತಿಗೆ ಘಮ ಹೋಗಿ ಕಹಿ ಉಳಿಯುತ್ತದೆ, ಅದನ್ನು ಮುಚ್ಚಲು ಸಕ್ಕರೆ ಹೆಚ್ಚು ಬೀಳುತ್ತದೆ. ಪುಡಿಯನ್ನು ಗಟ್ಟಿಯಾಗಿ ಅದುಮಿದರೆ 20 ನಿಮಿಷದ್ದು 40 ಆಗಿ, ಆಪತ್ತಿಗೆಂದು ಇಟ್ಟ ಫಿಲ್ಟರ್ ಕೂಡ ಕೆಲಸಕ್ಕೇ ಹೋಗುತ್ತದೆ. ಆಗ ನಾಲ್ಕನೆಯದು ಕೊಳ್ಳುವುದಲ್ಲ, ಅದುಮುವ ಕೈಯನ್ನು ಸರಿಮಾಡಬೇಕು.

ಈಗ ನಿಮ್ಮ ಶಾಪ್‌ಗೆ ಬರೋಣ. ಒಳಗಿರುವ 6,000ವನ್ನು ದಿನಕ್ಕೆ ಹೋಗುವ 400ರಿಂದ ಭಾಗಿಸಿ: 15 ದಿನ. ಇದು ಲಿಟಲ್ ಎಂಬುವರು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ನಿಯಮ. ಇಂದು ಗರಗಸಕ್ಕೆ ಹೋದ ಕಬ್ಬಿಣ 15 ದಿನ ಬಿಟ್ಟು ಗೇಟು ದಾಟುತ್ತದೆ. ಒಂದು ಜಾಬಿನ ಟರ್ನಿಂಗ್, ಡ್ರಿಲ್ಲಿಂಗ್, ಡಿಬರ್ರಿಂಗ್ (ಚೂಪು ಅಂಚು ಸವರುವುದು) ಎಲ್ಲ ಸೇರಿಸಿ ಗಡಿಯಾರ ಹಿಡಿದು ನೋಡಿ. ಇಂಥ ಕೆಲಸಕ್ಕೆ ಹತ್ತು-ಹದಿನೈದು ನಿಮಿಷ ಆದೀತು. ಉಳಿದ ಕಾಲವೆಲ್ಲ ಅದು ಕ್ರೇಟಿನಲ್ಲಿ ಸರದಿ ಕಾಯುತ್ತಾ ಕೂತಿರುತ್ತದೆ.

ಸರದಿ ಉದ್ದವಾಗುವುದಕ್ಕೆ ಮುಖ್ಯ ಕಾರಣ ಸೆಟ್ಟಿಂಗ್, ಅಂದರೆ ಮುಂದಿನ ಜಾಬಿಗೆ ಮಷೀನನ್ನು ಸಜ್ಜುಮಾಡುವುದು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಟರ್ನಿಂಗ್‌ನಲ್ಲಿ ಜಾಬ್ ಬದಲಿಸಲು ಒಂದೂವರೆ ಗಂಟೆ ಹೋದರೆ, "ಕಟ್ಟಿದ್ದಾಯಿತು, ಒಂದೇ ಸಲ 1,200 ತೆಗೆದುಬಿಡೋಣ" ಎನ್ನಿಸುವುದು ಸಹಜ. ಆದರೆ ಆ 1,200 ಮುಗಿಯುವ ತನಕ ಬೇರೆ ಜಾಬುಗಳೆಲ್ಲ ಕಾಯಬೇಕು. ಸೆಟ್ಟರ್‌ಗೆ ಮೊದಲೇ ತಿಳಿಸಿ, ಒಪ್ಪಿಸಿ, ಒಂದು ಸೆಟ್ಟಿಂಗನ್ನು ಮೊಬೈಲಿನಲ್ಲಿ ಪೂರ್ತಿ ಚಿತ್ರಿಸಿ. ಹಳೆಯ ಲಾಟಿನ ಕೊನೆಯ ಜಾಬಿನಿಂದ ಹೊಸ ಲಾಟಿನ ಮೊದಲ ಸರಿಯಾದ ಜಾಬಿನವರೆಗೂ ಕ್ಯಾಮೆರಾ ನಿಲ್ಲಬಾರದು. ಸಾಮಾನ್ಯವಾಗಿ ಕಾಣುವ 90 ನಿಮಿಷದ ಹಂಚಿಕೆ ಇಂತಿರುತ್ತದೆ: ಡ್ರಾಯಿಂಗ್, ಇನ್ಸರ್ಟ್, ಅಲೆನ್ ಕೀ ಹುಡುಕಲು 20, ಸಾಫ್ಟ್ ಜಾ (ಮಷೀನಿನ ಚಕ್ಕಿನಲ್ಲಿ ಜಾಬನ್ನು ಬಿಗಿಹಿಡಿಯುವ ಮೆದು ದವಡೆಗಳು) ಜಾಬಿನ ಅಳತೆಗೆ ಬೋರ್ ಮಾಡಲು 25, ಟೂಲ್ ಆಫ್‌ಸೆಟ್‌ಗೆ (ಟೂಲುಗಳ ಅಳತೆಯನ್ನು ಮಷೀನಿಗೆ ತುಂಬಲು) 15, ಮೊದಲ ಜಾಬನ್ನು ಕ್ವಾಲಿಟಿ ಕೋಣೆಗೆ ಒಯ್ದು ಕಾಯಲು 20, ತಿದ್ದಲು 10.

ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಹೇಳಿಕೊಟ್ಟ ಉಪಾಯ ಸರಳ. ಮಷೀನ್ ನಿಂತಾಗಲೇ ಆಗಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮುಗಿಸಿಡಬಹುದಾದದ್ದು ಯಾವುದು ಎಂದು ಬೇರ್ಪಡಿಸುವುದು. ಹುಡುಕಾಟದ 20 ನಿಮಿಷ ಪೂರ್ತಿ ಎರಡನೆಯ ಗುಂಪಿಗೆ ಸೇರುತ್ತದೆ: ಒಂದು ಟ್ರಾಲಿ, ಅದರ ಮೇಲೆ ಮುಂದಿನ ಜಾಬಿಗೆ ಬೇಕಾದ ಎಲ್ಲವೂ, ಹಿಂದಿನ ಲಾಟ್ ಮುಗಿಯುವ ಅರ್ಧ ಗಂಟೆ ಮೊದಲೇ ಸಿದ್ಧ. ಹೆಚ್ಚು ಓಡುವ ಜಾಬುಗಳಿಗೆ ಬೇರೆ ಬೇರೆ ಸಾಫ್ಟ್ ಜಾ ಜೊತೆಗಳನ್ನು ಇಟ್ಟುಕೊಂಡರೆ ಪ್ರತಿ ಸಲ ಹೊಸದಾಗಿ ಬೋರ್ ಮಾಡುವುದು ತಪ್ಪಿ, ಕಟ್ಟಿ ಒಂದು ತೆಳು ಕಟ್ ಹಾಕುವುದರೊಳಗೆ 10 ನಿಮಿಷದಲ್ಲಿ ಮುಗಿಯುತ್ತದೆ. ಬಹಳ ಶಾಪ್‌ಗಳಲ್ಲಿ ಕೆಲಸ ಕೆಡುವುದು ಇಲ್ಲೇ. ಮೂರು ಜಾಗಳ ಮೇಲೆ 1, 2, 3 ಎಂದು ಪಂಚ್ ಮಾಡದಿದ್ದರೆ, ಚಕ್ಕಿನ ಯಾವ ಸ್ಲಾಟಿಗೆ ಯಾವುದು, ಎಷ್ಟನೇ ಹಲ್ಲಿಗೆ ಎಂದು ಬರೆದಿಡದಿದ್ದರೆ, ಮುಂದಿನ ಸಲ ಅದಲುಬದಲಾಗಿ ರನ್‌ಔಟ್ ಬರುತ್ತದೆ, ಜಾಬ್ ನಡು ತಪ್ಪಿ ತಿರುಗುತ್ತದೆ. ಚಕ್ ಪ್ರೆಶರ್ ಕೂಡ ಬರೆದಿಡಬೇಕು. ಬೋರ್ ಮಾಡಿದ್ದು ಒಂದು ಪ್ರೆಶರಿನಲ್ಲಿ, ಜಾಬ್ ಹಿಡಿದದ್ದು ಇನ್ನೊಂದರಲ್ಲಿ ಆದರೆ ತೆಳು ಗೋಡೆಯ ಜಾಬ್ ಬಿಟ್ಟೊಡನೆ ಮೂರು ಮೂಲೆಯಾಗುತ್ತದೆ. ಗೇಜುಗಳನ್ನು ಮಷೀನ್ ಪಕ್ಕಕ್ಕೆ ತಂದು, ಮೊದಲ ಜಾಬನ್ನು ಆಪರೇಟರೇ ಅಳೆದು ಇನ್‌ಸ್ಪೆಕ್ಟರ್ ಅಲ್ಲಿಗೇ ಬಂದು ನೋಡಿದರೆ 20 ನಿಮಿಷದ್ದು ನಾಲ್ಕಕ್ಕೆ ಇಳಿಯುತ್ತದೆ. ಆಫ್‌ಸೆಟ್‌ಗೆ 8, ತಿದ್ದಲು 5 ಹಿಡಿಯಿರಿ. ಒಟ್ಟು 27.

90 ಹೋಗಿ 27 ಆದರೆ ಸೆಟ್ಟಿಂಗ್‌ಗೆ ಕೊಡುತ್ತಿದ್ದ ಅಷ್ಟೇ ಹೊತ್ತಿನಲ್ಲಿ ಮೂರು ಸಲ ಜಾಬ್ ಬದಲಿಸಬಹುದು, ಲಾಟು 1,200ರಿಂದ 400ಕ್ಕೆ ಇಳಿಸಬಹುದು. ನನ್ನ ಮಾತು ಕೇಳಿ, ಉಳಿದ ಹೊತ್ತನ್ನು ಇನ್ನಷ್ಟು ಉತ್ಪಾದನೆಗೆ ಬಳಸಬೇಡಿ. ಗಿರಾಕಿ ಕೇಳದ ಮಾಲನ್ನು ಮಾಡಿಡುವುದೇ ಲೀನ್ ಎಣಿಸುವ ಏಳು ವ್ಯರ್ಥಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಉಳಿದ ಆರನ್ನೂ ಅದು ಮುಚ್ಚಿಡುತ್ತದೆ.

ಲಾಟು ಚಿಕ್ಕದಾದ ಮೇಲೆ ಕಾನ್‌ಬಾನ್ ಕಾರ್ಡು, ಅಂದರೆ "ಮುಂದಿನ ಕ್ರೇಟು ಮಾಡು" ಎನ್ನುವ ಚೀಟಿ, ಅದಕ್ಕೆ ಮೊದಲಲ್ಲ. ಒಂದು ಜಾಬ್ ದಿನಕ್ಕೆ 240 ಬೇಕು, ತುಂಬಿಸಲು 3 ದಿನ ಬೇಕು ಎನ್ನಿ. 720 ಆಯಿತು, ಅದರ ಕಾಲು ಭಾಗ ಆಪತ್ತಿಗೆ, ಒಟ್ಟು 900. ಕ್ರೇಟಿಗೆ 75 ಹಿಡಿದರೆ 12 ಕಾರ್ಡು. ಕ್ರೇಟು ಖಾಲಿಯಾದಾಗ ಮಾತ್ರ ಕಾರ್ಡು ಹಿಂದಕ್ಕೆ ಹೋಗಬೇಕು, ಕಾರ್ಡಿಲ್ಲದೆ ಮಷೀನ್ ಓಡಬಾರದು. ಕಾರ್ಡು ಸೂಪರ್‌ವೈಸರ ಜೇಬಿನಲ್ಲಿ ಉಳಿದುಹೋಗುವುದು, ಕ್ರೇಟಿಗೆ 75ರ ಬದಲು 90 ತುಂಬುವುದು, "ಹೇಗೂ ಕಟ್ಟಿದ್ದೀನಲ್ಲ" ಎಂದು ನೂರು ಹೆಚ್ಚು ತೆಗೆಯುವುದು: ಈ ಮೂರರಲ್ಲಿ ಒಂದಿದ್ದರೂ ತಿಂಗಳೊಳಗೆ ಪದ್ಧತಿ ಬಿದ್ದುಹೋಗುತ್ತದೆ. ಪ್ರತಿ ಶನಿವಾರ ಕಾರ್ಡು ಎಣಿಸಿ. 12 ಇರಬೇಕು, 12 ಇಲ್ಲದಿದ್ದರೆ ಹುಡುಕಿಯೇ ಮನೆಗೆ ಹೋಗಿ.

ಇನ್ನು ವಾಣಿಜ್ಯ ಸುದ್ದಿ. ನಿಮ್ಮ ಕೂಟದಲ್ಲಿ ಹೊತ್ತು ಹೋಗುತ್ತಿರುವುದು ಇಲ್ಲಿ ಎಂದು ನನಗನ್ನಿಸುತ್ತದೆ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು 6.50ರಿಂದ 5.50ಕ್ಕೆ ಇಳಿಸಿತು. ನಿಮ್ಮ 40 ಲಕ್ಷದ ಮೇಲೆ ಆ ಒಂದು ಪರ್ಸೆಂಟು ಪೂರ್ತಿ ಸಿಕ್ಕರೂ ವರ್ಷಕ್ಕೆ 40,000 ರೂಪಾಯಿ. ಬ್ಯಾಂಕು ನಿಮಗೆ ಕೊಟ್ಟಿದೆಯೇ ಎಂದು ಒಂದು ಸಲ ನೋಡಿ: ಸಣ್ಣ ಉದ್ಯಮಗಳ ಹೊಸ ಫ್ಲೋಟಿಂಗ್ ಸಾಲಗಳ ಬಡ್ಡಿಯನ್ನು 2019ರ ಅಕ್ಟೋಬರಿನಿಂದ ರೆಪೊದಂಥ ಹೊರಗಿನ ದರಕ್ಕೆ ಜೋಡಿಸಲೇಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ತಿದ್ದಲೇಬೇಕು. ಅಲ್ಲಿಗೆ ಆ ಸುದ್ದಿಯ ಕೆಲಸ ಮುಗಿಯಿತು, ಐದು ನಿಮಿಷ ಸಾಕು. ಅದೇ ನೆಲದ ಮೇಲಿನ 6,000 ಜಾಬಿಗೆ ತಲಾ 150 ರೂಪಾಯಿ ಹಾಕಿದ್ದರೆ 9 ಲಕ್ಷ ಅಲ್ಲಿ ಮಲಗಿದೆ. 2,000ಕ್ಕೆ ಇಳಿಸಿದರೆ 6 ಲಕ್ಷ ಬಿಡುಗಡೆ, 10 ಪರ್ಸೆಂಟಿಗೆ ವರ್ಷಕ್ಕೆ 60,000. ಇನ್ನು ಬಿಲ್ಲು: ತಿಂಗಳಿಗೆ 22 ಲಕ್ಷದ ಮಾಲು ಕಳಿಸುತ್ತೀರಿ ಎಂದುಕೊಂಡರೆ 75 ದಿನಕ್ಕೆ 55 ಲಕ್ಷ ಹೊರಗಿರುತ್ತದೆ. 45 ದಿನಕ್ಕೆ ತಂದರೆ 22 ಲಕ್ಷ ಒಳಗೆ ಬರುತ್ತದೆ, ಬಡ್ಡಿಯಲ್ಲಿ 2,20,000 ಉಳಿಯುತ್ತದೆ. ನಿಮ್ಮ ಅತಿ ದೊಡ್ಡ ಸ್ಟಾಕು ಇರುವುದು ಗಿರಾಕಿಯ ಅಕೌಂಟ್ಸ್ ಕೋಣೆಯಲ್ಲಿ.

ಆದ್ದರಿಂದ ನೀವು ಬಿಡದೆ ಚರ್ಚಿಸಬೇಕಾದ ಸುದ್ದಿ 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿದ 43ಬಿ(ಎಚ್) ಕಲಮು. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡದ ಖರೀದಿದಾರನಿಗೆ, ಕೊಟ್ಟ ವರ್ಷದವರೆಗೂ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. 2023ರ ಹಣಕಾಸು ಕಾಯ್ದೆ ತಂದ ನಿಯಮ ಇದು. ನಿಮ್ಮ ಉದ್ಯಮ್ ಸಂಖ್ಯೆ (ಸಣ್ಣ ಉದ್ಯಮವೆಂಬ ಸರಕಾರಿ ನೋಂದಣಿ) ಪ್ರತಿ ಬಿಲ್ಲಿನ ಮೇಲೂ ಅಚ್ಚಾಗಿರಲಿ. ದಿನ ಎಣಿಸುವುದು ಮಾಲು ಸ್ವೀಕಾರವಾದಂದಿನಿಂದ, 15 ದಿನದೊಳಗೆ ಲಿಖಿತ ತಕರಾರು ಬಂದರೆ ಅದು ಬಗೆಹರಿದಂದಿನಿಂದ. ಹಾಗಾಗಿ ಚಲನ್ ಮೇಲೆ ಗೇಟಿನ ಮುದ್ರೆ ಮತ್ತು ತಾರೀಖು ಇಲ್ಲದೆ ಡ್ರೈವರ್ ಹಿಂದಿರುಗಬಾರದು. 250 ಕೋಟಿಗಿಂತ ಹೆಚ್ಚಿನ ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಸಣ್ಣ ಉದ್ಯಮಗಳ ಬಿಲ್ಲಿಗೆ ಮುಂಗಡ ಹಣ ಕೊಡಿಸುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಗೆ ಸೇರಬೇಕೆಂದು ಸರಕಾರ ಹೇಳಿತ್ತು. ಗಿರಾಕಿ ಅಲ್ಲಿ ನಿಮ್ಮ ಬಿಲ್ಲನ್ನು ಒಪ್ಪಿಕೊಂಡರೆ ಬ್ಯಾಂಕು ನಿಮಗೆ ಮುಂಚೆಯೇ ಹಣ ಕೊಡುತ್ತದೆ, ಗಿರಾಕಿ ತಪ್ಪಿಸಿದರೂ ನಿಮ್ಮ ಮೇಲೆ ಬರುವುದಿಲ್ಲ. ಕಾಯ್ದೆಗೂ ಮೊದಲು ನಿಮ್ಮ ಕಡೆಯ ತಪ್ಪು ತೆಗೆಯಿರಿ. ಕಳೆದ 20 ತಡವಾದ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿ ಕಾರಣ ಬರೆಯಿರಿ: ಪಿಒ (ಖರೀದಿ ಆದೇಶ) ಸಂಖ್ಯೆ ತಪ್ಪು, ದರ ಬದಲಾದರೂ ಪಿಒ ತಿದ್ದಿಲ್ಲ, ಎಣಿಕೆಯಲ್ಲಿ ಎರಡು ಕಡಿಮೆ, ರಿಜೆಕ್ಷನ್ನಿಗೆ ಡೆಬಿಟ್ ನೋಟು. ತೆರಿಗೆ ಸಲಹೆಗಾರರಾಗಲಿ ಬ್ಯಾಂಕಿನಲ್ಲಿ ದುಡಿದವರಾಗಲಿ ಗುಂಪಿನಲ್ಲಿದ್ದರೆ ಈ ಕೆಲಸ ಒಂದು ಕಪ್ ಕಾಫಿಯಲ್ಲಿ ಮುಗಿಯುತ್ತದೆ.

ಎಚ್ಚರದಿಂದ ಓದಬೇಕಾದ ಸುದ್ದಿಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರು ಮತ್ತು 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಇಳಿಯುತ್ತದೆ ಎಂಬ ಮಾತು ಆಗಸ್ಟ್ 15ರಂದೇ ಹೊರಬಿದ್ದಿದ್ದರಿಂದ ಜನ ಕೊಳ್ಳುವುದನ್ನು ಮುಂದೂಡಿದರು, ಆಮೇಲೆ ಒಮ್ಮೆಗೇ ನುಗ್ಗಿದರು. ಇಂಥ ಏರಿಳಿತ ಚಾಕಣದ ದೊಡ್ಡ ಕಂಪನಿಯಿಂದ ನಿಮ್ಮ ಭೋಸರಿಯ ಶಾಪ್ ತಲುಪುವಷ್ಟರಲ್ಲಿ, ನಡುವಿನವರೆಲ್ಲ ತಮ್ಮ ತಮ್ಮ ಭಯವನ್ನೂ ಸೇರಿಸಿ ಎರಡು ಪಟ್ಟಾಗಿರುತ್ತದೆ. ಒಂದು ವಾರದ ಅಬ್ಬರ ನೋಡಿ ಕಾರ್ಡು ಹೆಚ್ಚಿಸಬೇಡಿ. ನಾಲ್ಕು ವಾರದ ಸರಾಸರಿ ತೆಗೆದು ತಿಂಗಳಿಗೊಮ್ಮೆ ಮಾತ್ರ ಕಾರ್ಡಿನ ಲೆಕ್ಕ ತಿದ್ದಿ, ಅಬ್ಬರಕ್ಕೆ ಓವರ್‌ಟೈಮ್ ಬಳಸಿ.

ಹೊರಗಿನವರ ಮಾರ್ಗದರ್ಶನ ಬೇಕೆನಿಸಿದರೆ ಕೇಂದ್ರದ ಎಂಎಸ್‌ಎಂಇ ಲೀನ್ ಯೋಜನೆ 2023ರ ಮಾರ್ಚಿನಿಂದ ಇದೆ. ಸಲಹೆಗಾರರ ವೆಚ್ಚದ 90 ಭಾಗ ಸರಕಾರದ್ದು. ಸೆಟ್ಟಿಂಗ್ ವಿಡಿಯೊ ಮಾಡಿಕೊಂಡ ಮೇಲೆ ಸೇರಿದರೆ ಸಲಹೆಗಾರರ ಮೊದಲ ಎರಡು ಭೇಟಿ ಪರಿಚಯದಲ್ಲೇ ಕಳೆಯುವುದಿಲ್ಲ.

ಮುಂದಿನ ಬುಧವಾರ ಎರಡನೇ ಪಾಳಿಯ ಸೆಟ್ಟಿಂಗ್ ಚಿತ್ರಿಸಿ. ಗುರುವಾರ ಸೆಟ್ಟರನ್ನೂ ಕಾಫಿಗೆ ಕರೆಯಿರಿ, ರಜೆಯ ದಿನವಾದ್ದರಿಂದ ಅವರಿಗೆ ಆ ಹೊತ್ತಿನ ಸಂಬಳವನ್ನೂ ಕೊಡಿ. ಪೇಪರು ಮಡಿಸಿಟ್ಟು ವಿಡಿಯೊವನ್ನು ಎಲ್ಲರೂ ನೋಡಿ, ಪ್ರತಿ ನಿಮಿಷ ಏನಾಯಿತೆಂದು ಸೆಟ್ಟರೇ ಹೇಳಲಿ, ಹೋಟೆಲಿನವರು ಬರೆದುಕೊಳ್ಳಲಿ. ಹೋಟೆಲ್ ನಡೆಸುವವರ ಕಣ್ಣಿಗೆ ಸುಮ್ಮನೆ ನಿಂತ ಕೈ ಬೇಗ ಕಾಣುತ್ತದೆ. ಆ ಹಾಳೆಯ ಫೋಟೊವನ್ನು ನಮಗೂ ಕಳಿಸಿಕೊಡಿ, ಸಾಫ್ಟ್ ಜಾಗಳಿಗೆ ಎಷ್ಟು ನಿಮಿಷ ಹೋಯಿತೆಂದು ನೋಡುವ ಆಸೆ ನನಗಿದೆ.

ಸಂಪಾದಕ