ಖಾಲಿ ಕಾಣುವ ಕಾಲಂನಲ್ಲಿ ನಿಜಕ್ಕೂ ಏನಿದೆ?

ಎರಡು ಬೇರೆ ತಂತ್ರಾಂಶಗಳಿಂದ ತೆಗೆದ, ಮೌಲ್ಯಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಿಎಸ್‌ವಿ ಕಡತಗಳನ್ನು ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಗೆ ತುಂಬಿಸಿದ ಮೇಲೆ, ನಿಮ್ಮ ಸಂಗ್ರಹದಲ್ಲಿ ಟಿಪ್ಪಣಿ ಬರೆಯದ ಅಂಚೆಚೀಟಿಗಳನ್ನು ಹುಡುಕಲು ‘ಈಸ್ ನಲ್’ ಷರತ್ತು ಹಾಕಿದರೆ ಕೆಲವೇ ಸಾಲುಗಳು ಬರುತ್ತಿವೆ, ಉಳಿದವು ಖಾಲಿಯಾಗಿ ಕಂಡರೂ ಬರುತ್ತಿಲ್ಲ ಎಂದು ಕೇಳಿದ್ದೀರಿ. ಮಾಹಿತಿ ಕಳೆದುಹೋಗಿರುವ ಸಾಧ್ಯತೆ ಕಡಿಮೆ. ಒಂದೇ ಕಾಲಂನಲ್ಲಿ ಎರಡು ಮೂರು ಬಗೆಯ ಖಾಲಿಗಳು ಬೆರೆತಿರಬೇಕು.

ನಲ್ ಎಂದರೆ ಮೌಲ್ಯವೇ ದಾಖಲಾಗಿಲ್ಲ ಎಂದರ್ಥ. ಖಾಲಿ ಸ್ಟ್ರಿಂಗ್ ಎಂದರೆ ಸೊನ್ನೆ ಅಕ್ಷರಗಳ ಪಠ್ಯ ದಾಖಲಾಗಿದೆ ಎಂದರ್ಥ. ಪೋಸ್ಟ್‌ಗ್ರೆಸ್‌ನ ಕಾಪಿ ಆದೇಶವು ಸಿಎಸ್‌ವಿಯಲ್ಲಿ ಎರಡು ಅಲ್ಪವಿರಾಮಗಳ ನಡುವೆ ಏನೂ ಇಲ್ಲದಿದ್ದರೆ ನಲ್ ಎಂದೂ, ಅಲ್ಲಿ ಬರಿದಾದ ಜೋಡಿ ಉದ್ಧರಣ ಚಿಹ್ನೆ ಇದ್ದರೆ ಖಾಲಿ ಸ್ಟ್ರಿಂಗ್ ಎಂದೂ ಓದುತ್ತದೆ. ನಿಮ್ಮ ಎರಡು ಕಡತಗಳಲ್ಲಿ ಒಂದು ಎಲ್ಲ ಕ್ಷೇತ್ರಗಳಿಗೂ ಉದ್ಧರಣ ಚಿಹ್ನೆ ಹಾಕಿದೆಯೇ ಎಂದು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಎಕ್ಸೆಲ್‌ನಲ್ಲಿ ತೆರೆದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಏನನ್ನೂ ತಿದ್ದುವ ಮೊದಲು ಲೆಂಗ್ತ್ ಫಂಕ್ಷನ್‌ನಿಂದ ಟಿಪ್ಪಣಿಯ ಉದ್ದ ತೆಗೆದು, ಆ ಉದ್ದದ ಮೇಲೆ ಗ್ರೂಪ್ ಬೈ ಮಾಡಿ, ಪ್ರತಿ ಗುಂಪಿನಲ್ಲಿ ಎಷ್ಟು ಸಾಲುಗಳಿವೆ ಎಂದು ಎಣಿಸಿ. ಉದ್ದವೇ ನಲ್ ಬಂದವು ನಿಜವಾದ ನಲ್‌ಗಳು, 0 ಬಂದವು ಖಾಲಿ ಸ್ಟ್ರಿಂಗ್‌ಗಳು. ಖಾಲಿ ಕಂಡರೂ 1 ಅಥವಾ 2 ಬಂದರೆ ಒಳಗೆ ಕಾಣದ ಅಕ್ಷರಗಳಿವೆ. ಅಂಥ ಸಾಲಿಗೆ ಆಸ್ಕಿ ಫಂಕ್ಷನ್ ಹಾಕಿದರೆ ಮೊದಲ ಅಕ್ಷರದ ಸಂಖ್ಯೆ ಸಿಗುತ್ತದೆ (ಡೇಟಾಬೇಸ್ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿರಬೇಕು): 32 ಬಂದರೆ ಸಾಮಾನ್ಯ ಸ್ಪೇಸ್, 160 ಬಂದರೆ ವೆಬ್ ಪುಟದಿಂದ ನಕಲು ಮಾಡುವಾಗ ಅಂಟಿಕೊಳ್ಳುವ ಮುರಿಯದ ಸ್ಪೇಸ್, 8204 ಬಂದರೆ ಕನ್ನಡ ಟೈಪ್ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ, ಒತ್ತಕ್ಷರವಾಗದಂತೆ ತಡೆಯುವ ಶೂನ್ಯ ಅಗಲದ ಅಕ್ಷರ. ಪಠ್ಯದ ಅಂಚಿನ ಅಕ್ಷರಗಳನ್ನು ಕತ್ತರಿಸುವ ಟ್ರಿಮ್ ತಾನಾಗಿ ತೆಗೆಯುವುದು 32ನ್ನು ಮಾತ್ರ; ಉಳಿದವನ್ನು ಅದೇ ಕೆಲಸದ ಬಿಟ್ರಿಮ್‌ಗೆ ಹೆಸರಿಸಿ ಹೇಳಬೇಕು. ಇದೇ ಪರೀಕ್ಷೆಯನ್ನು ಮತ್ತೊಂದು ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಮಾಡುವವರು ಲೆನ್ ಬದಲು ಡೇಟಾಲೆಂಗ್ತ್ ಬಳಸಲಿ, ಏಕೆಂದರೆ ಲೆನ್ ಕೊನೆಯ ಸ್ಪೇಸ್‌ಗಳನ್ನು ಎಣಿಸುವುದಿಲ್ಲ. ಒರಾಕಲ್‌ನಲ್ಲಂತೂ ಖಾಲಿ ಸ್ಟ್ರಿಂಗ್ ಕೊಟ್ಟರೂ ಅದು ನಲ್ ಆಗಿಯೇ ಉಳಿಯುತ್ತದೆ.

ತಿದ್ದುವುದು ಸುಲಭ: ಟ್ರಾನ್ಸಾಕ್ಷನ್ (ಕಮಿಟ್ ಮಾಡುವವರೆಗೆ ಹಿಂತೆಗೆಯಬಹುದಾದ ಬದಲಾವಣೆ) ಆರಂಭಿಸಿ, ಬಿಟ್ರಿಮ್‌ನ ಫಲಿತಾಂಶವನ್ನು, ಖಾಲಿ ಸ್ಟ್ರಿಂಗ್ ಬಂದರೆ ನಲ್ ಕೊಡುವಂತೆ, ನಲ್‌ಇಫ್ ಒಳಗಿಟ್ಟು ಅಪ್‌ಡೇಟ್ ಮಾಡಿ, ಉದ್ದದ ಎಣಿಕೆಯನ್ನು ಮತ್ತೊಮ್ಮೆ ನೋಡಿ, ಸರಿಯಿದ್ದರಷ್ಟೇ ಕಮಿಟ್ ಮಾಡಿ. ಆದರೆ ವಿವರ ತುಂಬುವ ನಮೂನೆಯ ಮೂಲಕ ಹೊಸ ಅಂಚೆಚೀಟಿ ಸೇರಿಸಿದಾಗ ತುಂಬದ ಪೆಟ್ಟಿಗೆ ಖಾಲಿ ಸ್ಟ್ರಿಂಗ್ ಆಗಿಯೇ ಬರುವುದರಿಂದ, ನಿಯಮವನ್ನು ಟೇಬಲ್‌ನಲ್ಲೇ ಬರೆಯದಿದ್ದರೆ ಇದೇ ಗೊಂದಲ ಮರುಕಳಿಸುತ್ತದೆ. ಕ್ಯಾಟಲಾಗ್ ಸಂಖ್ಯೆಯಂಥ, ಯೂನಿಕ್ (ಒಂದೇ ಮೌಲ್ಯ ಎರಡು ಸಲ ಬರಬಾರದೆಂಬ) ನಿರ್ಬಂಧವಿರುವ ಕಾಲಂಗೆ ನಲ್ ಬೇಕೇ ಬೇಕು. ಎರಡು ಖಾಲಿ ಸ್ಟ್ರಿಂಗ್‌ಗಳು ಪರಸ್ಪರ ಡಿಕ್ಕಿ ಹೊಡೆಯುತ್ತವೆ, ನಲ್‌ಗಳು ಪೋಸ್ಟ್‌ಗ್ರೆಸ್‌ನಲ್ಲಿ ರೂಢಿಯಂತೆ ಎಷ್ಟಾದರೂ ಇರಬಹುದು. ಅಲ್ಲಿ ಖಾಲಿ ಸ್ಟ್ರಿಂಗ್‌ಗೆ ಅವಕಾಶವಿಲ್ಲ ಎಂಬ ಚೆಕ್ ನಿರ್ಬಂಧ ಹಾಕಿ, ನಮೂನೆಯ ಕೋಡ್‌ನಲ್ಲಿಯೂ ನಲ್‌ಇಫ್ ಬಳಸಿ; ಉತ್ತರ ‘ಸುಳ್ಳು’ ಎಂದಾದಾಗ ಮಾತ್ರ ಚೆಕ್ ತಡೆಯುವುದರಿಂದ ನಲ್ ಸರಾಗವಾಗಿ ಒಳಬರುತ್ತದೆ.

ಟಿಪ್ಪಣಿಯ ವಿಷಯದಲ್ಲಿ ಮಾತ್ರ ನನ್ನ ಒಲವು ಬೇರೆ. ಟಿಪ್ಪಣಿ ಗೊತ್ತಿಲ್ಲ, ಟಿಪ್ಪಣಿ ಇಲ್ಲ ಎಂಬ ಭೇದ ಅಲ್ಲಿ ಯಾರಿಗೂ ಬೇಕಾಗದು; ಆದ್ದರಿಂದ ನಲ್‌ಗಳನ್ನೂ ಖಾಲಿ ಸ್ಟ್ರಿಂಗ್ ಮಾಡಿ, ನಾಟ್ ನಲ್ ನಿರ್ಬಂಧದ ಜೊತೆ ಖಾಲಿ ಸ್ಟ್ರಿಂಗನ್ನೇ ಡಿಫಾಲ್ಟ್ ಆಗಿ ಇಡಿ. ಹಾಗೆ ಮಾಡಿದರೆ ಮುಂದಿನ ಸಲ ಸಿಎಸ್‌ವಿ ತುಂಬಿಸುವಾಗ ಆ ಕಾಲಂಗೆ ಖಾಲಿಯನ್ನು ನಲ್ ಬದಲು ಖಾಲಿ ಸ್ಟ್ರಿಂಗ್ ಎಂದು ಓದಿಸುವ ಫೋರ್ಸ್ ನಾಟ್ ನಲ್ ಆಯ್ಕೆಯನ್ನು ಕೊಡಲು ಮರೆಯಬೇಡಿ. ಇಲ್ಲವಾದರೆ ಮೊದಲ ಖಾಲಿ ಸಾಲಿನಲ್ಲೇ ಕಾಪಿ ನಿಂತುಬಿಡುತ್ತದೆ.