ಸೈಕಲ್ ತುಳಿಯುತ್ತ ಗಿಡ ನೋಡುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಳಗಾವಿಯ ಓಣಿ ಓಣಿಯ ಉದ್ಯಾನಗಳಿಗೆ ಸೈಕಲ್ ಮೇಲೆ ಹೋಗಿ ಗಿಡಮರಗಳ ಫೋಟೊ ತೆಗೆಯುವವರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ರವಿವಾರ ಮುಂಜಾನೆ ಎರಡು ತಾಸು ಬಿಡುವು ಸಿಗುತ್ತದೆ. ಅಷ್ಟರಲ್ಲಿ ಎಷ್ಟು ಉದ್ಯಾನ ನೋಡಬಹುದು? ಎಲ್ಲಿಂದ ಶುರು ಮಾಡಲಿ?
– ಅನಗೋಳದ ಓದುಗರು

ಎರಡೇ ಸಾಕು. ಐದು ಉದ್ಯಾನ ಸುತ್ತಿ ಬಂದರೆ ಫೋನಿನಲ್ಲಿ ಇನ್ನೂರು ಫೋಟೊ ಸೇರುತ್ತವೆ, ಗುರುತಾದ ಗಿಡ ನಾಲ್ಕೂ ಇರುವುದಿಲ್ಲ. ಒಂದು ಶಿವಾಜಿ ಉದ್ಯಾನದಂಥ ನೆಟ್ಟು ಬೆಳೆಸಿದ ತೋಟವಿರಲಿ, ಇನ್ನೊಂದು ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಇರಲಿ. ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಈ ಆವರಣದಲ್ಲಿ ಹಳೆಯ ಮರಗಳಿವೆ, ಅವುಗಳ ಬುಡದಲ್ಲಿ ತಾನಾಗಿ ಹುಟ್ಟಿದ ಗಿಡಗಂಟಿಗಳೂ ಇವೆ. ತೋಟದಲ್ಲಿ ಹೊರದೇಶದ ಅಲಂಕಾರದ ಗಿಡಗಳೇ ಹೆಚ್ಚು. ಎರಡನ್ನೂ ಒಂದೇ ಮುಂಜಾನೆ ನೋಡಿದರೆ ನೆಟ್ಟದ್ದು ಯಾವುದು, ತಾನೇ ಬಂದದ್ದು ಯಾವುದು ಎನ್ನುವುದು ಕಣ್ಣಿಗೆ ಬೇಗ ಹತ್ತುತ್ತದೆ. ನೀರಂಚಿನ ಗಿಡಗಳಿಗಾಗಿ ಕೋಟೆ ಕೆರೆಯನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.

ಹತ್ತು ಮರ ಆರಿಸಿ, 1ರಿಂದ 10 ಸಂಖ್ಯೆ ಕೊಟ್ಟು, ಪ್ರತಿ ವಾರ ಅವನ್ನೇ ನೋಡಿ. ಚಿಗುರು, ಮೊಗ್ಗು, ಹೂ, ಕಾಯಿ, ಎಲೆ ಉದುರುವಿಕೆ, ಐದೇ ಕಾಲಂ. ನಾವು ಇದನ್ನು ಒತ್ತಿ ಹೇಳುತ್ತೇವೆ, ಏಕೆಂದರೆ ಹೂವಿಲ್ಲದಾಗ ಗುರುತು ಸಿಗದ ಮರ ಮೂರು ತಿಂಗಳ ನಂತರ ತಾನೇ ಹೆಸರು ಹೇಳುತ್ತದೆ. ಸೀಸನ್‌ವಾಚ್ ಯೋಜನೆಯೂ ಹೀಗೆಯೇ ಒಂದೇ ಮರವನ್ನು ವಾರವಾರ ನೋಡಿ ದಾಖಲಿಸುವಂಥದ್ದು. ಅಲ್ಲಿ ನಿಮ್ಮ ಮರಗಳನ್ನು ಸೇರಿಸಬಹುದು.

ಒಂದು ಎಚ್ಚರಿಕೆ. ಕ್ಯಾಂಪ್ ಭಾಗದ ಮರಗಳು ಎಷ್ಟೇ ಚೆಂದವಿದ್ದರೂ ಸೇನೆಯ ಆವರಣ, ಗೇಟು, ಗೋಡೆಗಳ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ.

ನನ್ನ ಸೈಕಲ್ ವಾರಕ್ಕೊಮ್ಮೆ ಪಂಕ್ಚರ್ ಆಗಾಕತ್ತೈತಿ. ಪ್ಯಾಚ್ ಹಾಕಿಸಿದ ಮರುದಿನಾನ ಮತ್ತ ಗಾಳಿ ಇಳೀತೈತಿ. ಟೈರ್ ಹೊಸಾದೈತ್ರಿ. ಏನ್ ಮಾಡ್ಬೇಕು ಹೇಳ್ರಿ.
– ವಡಗಾವಿಯ ಓದುಗರು

ಮರುದಿನವೇ ಗಾಳಿ ಇಳಿಯುತ್ತದೆ ಎಂದರೆ ಮುಳ್ಳಿನ ತುದಿ ಇನ್ನೂ ಟೈರಿನಲ್ಲೇ ಇರಬಹುದು. ಮೊದಲು ಅನುಮಾನಿಸಬೇಕಾದದ್ದು ನೆಗ್ಗಿಲು ಮುಳ್ಳನ್ನು. ಇದು ನೆಲಕ್ಕೆ ಅಂಟಿಕೊಂಡು ಹರಡುವ, ಐದೆಸಳಿನ ಸಣ್ಣ ಹಳದಿ ಹೂವಿನ ಗಿಡ. ಬಿಸಿಲು ಬೀಳುವ ರಸ್ತೆಯಂಚು, ಖಾಲಿ ನಿವೇಶನಗಳು ಇದರ ಜಾಗ. ಕಾಯಿ ಒಣಗಿದಾಗ ಐದು ಹೋಳಾಗುತ್ತದೆ. ಒಂದು ಹೋಳನ್ನು ಅಂಗೈ ಮೇಲಿಟ್ಟು ನೋಡಿ: ಎರಡು ಉದ್ದ ಮುಳ್ಳು, ಎರಡು ಗಿಡ್ಡ ಮುಳ್ಳು. ಹೇಗೆ ಬಿದ್ದರೂ ಒಂದಾದರೂ ಮೇಲ್ಮುಖವಾಗಿ ನಿಲ್ಲುತ್ತದೆ. ಫೋಟೊಕ್ಕೆ ಎಂದು ಸೈಕಲ್ಲನ್ನು ಡಾಂಬರಿನಿಂದ ಹುಲ್ಲಿಗೆ ಇಳಿಸುತ್ತೀರಲ್ಲ, ಚುಚ್ಚುವುದು ಅಲ್ಲೇ. ಜಾಗ ಅನುಮಾನವಿದ್ದರೆ ಸೈಕಲ್ಲನ್ನು ಎತ್ತಿ ಇಡಿ, ತಳ್ಳಬೇಡಿ.

ತೆಗೆಯುವ ಕ್ರಮ ಹೀಗೆ. ಟ್ಯೂಬ್ ಹೊರಗೆಳೆದು ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವ ಕಡೆ ಗುರುತು ಹಾಕಿ. ಆಮೇಲೆ ಟ್ಯೂಬಿನ ವಾಲ್ವನ್ನು ರಿಮ್ಮಿನ ತೂತಿನ ನೇರಕ್ಕೆ ಹಿಡಿದು, ತೂತು ಟೈರಿನ ಯಾವ ಭಾಗಕ್ಕೆ ಬರುತ್ತದೆ ನೋಡಿ. ಮುಳ್ಳು ಅದರ ಆಸುಪಾಸಿನಲ್ಲೇ ಇರುತ್ತದೆ. ಬರಿಬೆರಳು ಹಾಕಿ ತಡಕಬೇಡಿ. ಹತ್ತಿಯ ಉಂಡೆಯನ್ನು ಟೈರಿನ ಒಳಮೈ ಮೇಲೆ ಸುತ್ತಲೂ ಸವರಿ, ಎಳೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ ಎಂದೇ ಅರ್ಥ. ಚಿಮಟದಿಂದ ಕೀಳಿ. ಒಂದು ಸಿಕ್ಕಿತೆಂದು ನಿಲ್ಲಿಸದೆ ಪೂರ್ತಿ ಸುತ್ತು ಮುಗಿಸಿ.

ಪ್ಯಾಚ್ ಬಿಟ್ಟುಕೊಳ್ಳಲು ಇನ್ನೊಂದು ಕಾರಣ ಅವಸರ. ಮರಳುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ನಾಲ್ಕೈದು ನಿಮಿಷ ಕಾಯಬೇಕು. ಹಸಿ ಇರುವಾಗಲೇ ಪ್ಯಾಚ್ ಒತ್ತಿದರೆ ಅದು ಜಾರುತ್ತದೆ, ಹಿಡಿಯುವುದಿಲ್ಲ. ಗಾಳಿ ಎಷ್ಟಿರಬೇಕೆಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ದಪ್ಪ ಟೈರಿನ ಗೇರ್ ಸೈಕಲ್ಲಾದರೆ ಸಾಮಾನ್ಯವಾಗಿ 40ರಿಂದ 65 ಪಿಎಸ್ಐ.

ನಮ್ಮ ಓಣಿಯ ಮೂರು ಮರಗಳ ಎಲೆಯ ಫೋಟೊ ಹಾಕಿದರೆ ಆ್ಯಪ್ ಮೂರಕ್ಕೂ ಗುಲ್‌ಮೊಹರ್ ಅನ್ನುತ್ತದೆ. ಹೂವಿಲ್ಲ. ಆದರೆ ಮರಗಳು ಬೇರೆ ಬೇರೆ ಎಂದು ನನಗೆ ಅನ್ನಿಸುತ್ತಿದೆ.
– ಹಿಂದವಾಡಿಯ ಕಾಲೇಜು ವಿದ್ಯಾರ್ಥಿನಿ

ನಿಮ್ಮ ಅನುಮಾನ ಸರಿ ಇರುವ ಸಾಧ್ಯತೆಯೇ ಹೆಚ್ಚು. ಗುಲ್‌ಮೊಹರ್, ಪೆಲ್ಟೋಫೋರಮ್, ಜಕರಾಂಡಾ ಈ ಮೂರರ ಎಲೆಯೂ ದೂರದಿಂದ ಜರಿಗಿಡದ ಹಾಗೆ ಕಾಣುತ್ತದೆ. ತುದಿಯ ನಾಲ್ಕು ಸಣ್ಣ ಎಲೆ ಮಾತ್ರ ಫೋಟೊದಲ್ಲಿದ್ದರೆ ಆ್ಯಪ್ ಆದರೂ ಏನು ಮಾಡೀತು?

ಮೊದಲು ‘ಎಲೆ’ ಯಾವುದೆಂದು ತಿಳಿಯಿರಿ. ಎಲೆ ಟೊಂಗೆಗೆ ಕೂಡುವ ಕಂಕುಳಲ್ಲಿ ಮೊಗ್ಗು ಇರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಹಾಗಾಗಿ ಒಂದು ಮೊಳದಷ್ಟು ಉದ್ದದ ಆ ಇಡೀ ಗರಿಯೇ ಒಂದು ಎಲೆ. ಈಗ ಟೊಂಗೆ ನೋಡಿ. ಎಲೆಗಳು ಎದುರುಬದುರು ಜೋಡಿಯಾಗಿ ಹೊರಟಿದ್ದರೆ ಜಕರಾಂಡಾ. ಅದರ ಕಿರುಎಲೆಗಳ ತುದಿ ಚೂಪು, ಕೊನೆಯ ಒಂಟಿ ಕಿರುಎಲೆ ಉಳಿದವಕ್ಕಿಂತ ದೊಡ್ಡದು. ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಎಂಬಂತಿದ್ದರೆ ಉಳಿದೆರಡರಲ್ಲಿ ಒಂದು. ಎಳೆಯ ಚಿಗುರು, ಮೊಗ್ಗುಗಳ ಮೇಲೆ ತುಕ್ಕಿನ ಬಣ್ಣದ ನವಿರು ಕೂದಲಿದ್ದರೆ ಪೆಲ್ಟೋಫೋರಮ್. ಗುಲ್‌ಮೊಹರಿನ ಎಳೆಯ ಎಲೆತೊಟ್ಟಿನ ಬುಡದಲ್ಲಿ ಬಾಚಣಿಗೆಯ ಹಲ್ಲಿನಂತೆ ಸೀಳಿದ ಪುಟ್ಟ ಹಸಿರು ಗರಿ ಇರುತ್ತದೆ. ಬೇಗ ಉದುರಿಹೋಗುವುದರಿಂದ ಚಿಗುರಿನಲ್ಲೇ ಹುಡುಕಿ. ಅದನ್ನು ಒಮ್ಮೆ ಕಂಡವರು ಈ ಮರವನ್ನು ಮತ್ತೆ ತಪ್ಪು ಗುರುತಿಸುವುದಿಲ್ಲ.

ಇದಕ್ಕಿಂತ ಸುಲಭದ ಗುರುತು ಕಾಯಿ. ಗುಲ್‌ಮೊಹರಿನದು ಕತ್ತಿಯಂತೆ ಉದ್ದ, ಕಟ್ಟಿಗೆಯಷ್ಟು ಗಟ್ಟಿ, ತಿಂಗಳುಗಟ್ಟಲೆ ಮರದಲ್ಲೇ ಜೋಲುತ್ತದೆ. ಪೆಲ್ಟೋಫೋರಮಿನದು ಬೆರಳುದ್ದದ, ತೆಳ್ಳಗಿನ, ತಾಮ್ರದ ಬಣ್ಣದ ಚಪ್ಪಟೆ ಕಾಯಿ. ಜಕರಾಂಡಾದ್ದು ದುಂಡನೆಯ ಬಿಲ್ಲೆ, ಒಣಗಿ ಎರಡು ಹೋಳಾಗಿ ಬಾಯಿ ಬಿಡುತ್ತದೆ. ಬುಡದಲ್ಲಿ ಬಿದ್ದದ್ದನ್ನು ಹೆಕ್ಕಿ ನೋಡಿ, ಆದರೆ ಪಕ್ಕದ ಮರದ್ದಲ್ಲ ಎಂದು ತಲೆಯೆತ್ತಿ ಖಾತ್ರಿ ಮಾಡಿಕೊಳ್ಳಿ.

ಇನ್ನು ಮುಂದೆ ಪ್ರತಿ ಮರಕ್ಕೆ ಏಳು ಫೋಟೊ ತೆಗೆಯಿರಿ: ಇಡೀ ಮರ, ತೊಗಟೆ, ಎಲೆ ಟೊಂಗೆಗೆ ಕೂಡುವ ಜಾಗ, ಎಲೆಯ ಬೆನ್ನು, ಹೂ ಮುಂದಿನಿಂದಲೂ ಪಕ್ಕದಿಂದಲೂ, ಕಾಯಿ. ಅಳತೆಗೆ 10 ರೂಪಾಯಿ ನಾಣ್ಯ ಇಡಿ, ಅದರ ಅಡ್ಡಳತೆ 27 ಮಿ.ಮೀ. ಗಿಡ, ಪ್ರಾಣಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವಾಗ ಇವೆಲ್ಲವನ್ನೂ ಒಂದೇ ದಾಖಲೆಯಲ್ಲಿ ಸೇರಿಸಿ. ಉದ್ಯಾನದಲ್ಲಿ ನೆಟ್ಟ ಗಿಡವಾದರೆ ‘ಬೆಳೆಸಿದ್ದು’ ಎಂದು ತಪ್ಪದೆ ಗುರುತು ಹಾಕಿ. ಇಲ್ಲದಿದ್ದರೆ ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಬೆಳಗಾವಿಯಲ್ಲಿ ತಾನಾಗಿ ಹುಟ್ಟಿದ ಮರವೆಂದು ದಾಖಲಾಗುತ್ತದೆ.

ಸಣ್ಣ ಹೂವಿನ ಫೋಟೊ ತೆಗೆದರೆ ಹಿಂದಿನ ಹುಲ್ಲು ಸ್ಪಷ್ಟ, ಹೂವೇ ಮಸುಕು. ಬಿಳಿ ಹೂವಂತೂ ಸುಣ್ಣ ಬಳಿದ ಹಾಗೆ. ಕ್ಯಾಮೆರಾ ಕೊಳ್ಳಬೇಕೆ?
– ಸದಾಶಿವ ನಗರದ ಓದುಗರು

ಬೇಡ, ಫೋನೇ ಸಾಕು. ಹೂವು ಚಿಕ್ಕದಾದಾಗ ಫೋಕಸ್ ಹಿಂದಿನ ದೊಡ್ಡ ಹಸಿರನ್ನು ಹಿಡಿಯುತ್ತದೆ. ಹೂವಿನ ಬೆನ್ನಿಗೆ, ಅದಕ್ಕೆ ತಾಗುವಷ್ಟು ಹತ್ತಿರ ಅಂಗೈ ಒಡ್ಡಿ. ಪರದೆಯ ಮೇಲೆ ಹೂವನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ನಂತರ ಫೋನ್ ಅಲುಗಿಸದೆ ಕೈ ತೆಗೆದು ಕ್ಲಿಕ್ಕಿಸಿ. ತೀರಾ ಹತ್ತಿರ ಹೋದರೆ ಯಾವ ಫೋನೂ ಫೋಕಸ್ ಆಗದು. ಒಂದು ಗೇಣು ಹಿಂದೆ ಸರಿದು 2 ಪಟ್ಟು ಜೂಮ್ ಮಾಡುವುದು ಮೇಲು.

ಸುಣ್ಣ ಬಳಿದಂತಾಗುವುದು ಬೆಳಕು ಹೆಚ್ಚಾಗಿ. ಪರದೆಯಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದು, ಎಸಳಿನ ನರಗಳು ಕಾಣುವವರೆಗೆ ಕತ್ತಲು ಮಾಡಿ. ಕಡುಗೆಂಪು ದಾಸವಾಳಕ್ಕೂ ಇದೇ ಮದ್ದು. ನಡುಹೊತ್ತಿನ ಬಿಸಿಲಾದರೆ ಕೊಡೆಯ ನೆರಳು ಹಿಡಿಯಿರಿ. ಗಾಳಿಗೆ ಅಲುಗಾಡುವ ದಂಟಿನ ಪಕ್ಕ ಒಂದು ಕಡ್ಡಿ ನೆಟ್ಟು, ಬಟ್ಟೆಗೆ ಹಾಕುವ ಕ್ಲಿಪ್ಪಿನಿಂದ ಎರಡನ್ನೂ ಸೇರಿಸಿ ಹಿಡಿಸಿ. ಕೆಲಸ ಮುಗಿದ ಮೇಲೆ ಬಿಡಿಸಲು ಮರೆಯಬೇಡಿ. ಹೂ ಕಿತ್ತು ಫೋಟೊ ತೆಗೆಯುವುದನ್ನು ನಾವು ಒಪ್ಪುವುದಿಲ್ಲ. ಕಿತ್ತ ಹೂವಿನ ಫೋಟೊದಲ್ಲಿ ಅದು ಯಾವ ಎಲೆಯ ಕಂಕುಳಿನಿಂದ ಬಂತೆಂಬುದೇ ಇರುವುದಿಲ್ಲ, ಗುರುತಿಗೆ ಬೇಕಾದದ್ದು ಅದೇ.

ಅಜ್ಜಿ ಹುಲಗಲ ಅಂತಾರೆ, ಪುಸ್ತಕದಲ್ಲಿ ಹೊಂಗೆ, ಪಕ್ಕದ ಮನೆಯವರು ಕರಂಜ ಅಂತಾರೆ. ಮೂರು ಬೇರೆ ಬೇರೆ ಮರಗಳೇ?
– ಶಹಾಪುರದ ಓದುಗರು

ಒಂದೇ ಮರ, ಪೊಂಗಾಮಿಯಾ ಪಿನ್ನಾಟಾ. ಹುಲಗಲ ನಮ್ಮ ಉತ್ತರ ಕರ್ನಾಟಕದ ಮಾತು, ಕರಂಜ ಮರಾಠಿಯದು. ನಿಮ್ಮ ವಹಿಯಲ್ಲಿ ಮೂರನ್ನೂ ಬರೆದಿಡಿ. ಅಜ್ಜಿ ಹೇಳಿದ ಹೆಸರನ್ನು ಮೊದಲು ಬರೆಯಿರಿ, ಪುಸ್ತಕದ ಹೆಸರು ಎಲ್ಲಿಯಾದರೂ ಸಿಗುತ್ತದೆ.

ಮಳೆಗಾಲದಲ್ಲಿ ಹೋಗುವುದು ಬಿಡಬೇಕೆ? ಕಳೆದ ಮಳೆಯಲ್ಲಿ ಕೈಗೆ ತುರಿಕೆಯೂ ಎದ್ದಿತ್ತು.
– ಟಿಳಕವಾಡಿಯ ಓದುಗರು

ಬಿಡಬೇಡಿ. ಮೋಡದ ಬೆಳಕು ಗಿಡದ ಫೋಟೊಕ್ಕೆ ಬಿಸಿಲಿಗಿಂತ ಒಳ್ಳೆಯದು, ನೆಲದ ಸಣ್ಣ ಗಿಡಗಳು ಹುಟ್ಟಿ ಹೂ ಬಿಡುವುದೂ ಆಗಲೇ. ಫೋನನ್ನು ಹ್ಯಾಂಡಲ್ ಮೇಲೆ ಕೂರಿಸದೆ ಜಿಪ್ ಚೀಲದಲ್ಲಿ ಹಾಕಿ ಮೈಗೆ ಕಟ್ಟಿಕೊಳ್ಳಿ, ಜೊತೆಗೆ ಒಂದು ಸಿಲಿಕಾ ಜೆಲ್ ಪೊಟ್ಟಣವಿರಲಿ. ರಿಮ್ ತೊಯ್ದಾಗ ಬ್ರೇಕ್ ತಡವಾಗಿ ಹಿಡಿಯುತ್ತದೆ, ದೂರದಿಂದಲೇ ಒತ್ತಲು ಶುರು ಮಾಡಿ. ಮನೆಗೆ ಬಂದ ಮೇಲೆ ಚೈನಿನ ಕೆಮ್ಮಣ್ಣು ಒರೆಸಿ, ಪ್ರತಿ ಕೊಂಡಿಗೆ ಒಂದು ಹನಿ ಎಣ್ಣೆ ಬಿಟ್ಟು, ಪೆಡಲ್ ತಿರುಗಿಸಿ, ಹೊರಗೆ ಉಳಿದ ಎಣ್ಣೆಯನ್ನು ಬಟ್ಟೆಯಿಂದ ತೆಗೆಯಿರಿ. ಬಿಟ್ಟರೆ ಅದಕ್ಕೆ ಮಣ್ಣು ಅಂಟಿ ಚೈನು ಸವೆಯುತ್ತದೆ.

ತುರಿಕೆಗೆ ಕಾಂಗ್ರೆಸ್ ಕಸ ಕಾರಣವಾಗಿರಬಹುದು. ಅದರ ರಸ, ಕೂದಲು ಚರ್ಮಕ್ಕೆ ತಾಗಿದರೆ ಕೆಲವರಿಗೆ ಹೀಗಾಗುತ್ತದೆ. ಉದ್ದ ತೋಳಿನ ಅಂಗಿ ಹಾಕಿ, ಮಂಡಿಯೂರುವ ಮುಂಚೆ ನೆಲ ನೋಡಿ, ಮನೆಗೆ ಬಂದ ಕೂಡಲೇ ಸೋಪಿನಿಂದ ತೊಳೆದುಕೊಳ್ಳಿ. ತುರಿಕೆ ಕಡಿಮೆಯಾಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಎಕ್ಕೆಯ ಹಾಲು ಮೆತ್ತಿದ ಬೆರಳಿನಿಂದ ಮಾತ್ರ ಕಣ್ಣು ಮುಟ್ಟಲೇಬೇಡಿ. ಅಕಸ್ಮಾತ್ ತಾಗಿದರೆ ಹದಿನೈದು ನಿಮಿಷ ಶುದ್ಧ ನೀರು ಹಾಯಿಸಿ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ.