ಪಿಐಡಿ ಸಂಖ್ಯೆಯೊಂದನ್ನೇ ನಂಬಬಹುದೇ?

ಪ್ರಶ್ನೆ: ಲಿನಕ್ಸ್ ಸರ್ವರ್‌ನಲ್ಲಿ ಹಗಲಿರುಳು ಓಡಬೇಕಾದ ಪ್ರೋಗ್ರಾಂ ಒಂದಿದೆ. ಅದು ನಿಂತುಹೋದರೆ ಮತ್ತೆ ಆರಂಭಿಸಲೆಂದು ಸಿ ಭಾಷೆಯಲ್ಲಿ ಒಂದು ಕಾವಲು ಪ್ರೋಗ್ರಾಂ ಬರೆದಿದ್ದೇನೆ. ಫೈಲಿನಲ್ಲಿ ಬರೆದಿಟ್ಟ ಪಿಐಡಿಯನ್ನು (ಓಡುತ್ತಿರುವ ಪ್ರೋಗ್ರಾಂಗೆ, ಅಂದರೆ ಪ್ರೊಸೆಸ್‌ಗೆ, ಸಿಸ್ಟಂ ಕೊಡುವ ಗುರುತಿನ ಸಂಖ್ಯೆ) ಓದಿ, ಪ್ರೊಸೆಸ್‌ಗೆ ಸಿಗ್ನಲ್ ಎಂಬ ಸೂಚನೆ ಕಳಿಸುವ ಕಿಲ್ ಕರೆಗೆ 0 ಸಿಗ್ನಲ್ ಕೊಟ್ಟು ಪರೀಕ್ಷಿಸುತ್ತೇನೆ. ಪ್ರೋಗ್ರಾಂ ನಿಂತಿದ್ದರೂ ಕೆಲವೊಮ್ಮೆ ‘ಇದೆ’ ಎಂದೇ ಉತ್ತರ ಬರುತ್ತದೆ. ಏಕೆ? ಪ್ರೊಸೆಸ್ ಬಳಸುತ್ತಿರುವ ಸಿಪಿಯು ಪ್ರಮಾಣವನ್ನು ಲೆಕ್ಕ ಹಾಕುವುದು ಹೇಗೆ?

ಉತ್ತರ: 0 ಸಿಗ್ನಲ್ ಕೊಟ್ಟಾಗ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಯಾವ ಸಿಗ್ನಲನ್ನೂ ಕಳಿಸುವುದಿಲ್ಲ, ಆ ಸಂಖ್ಯೆಯ ಪ್ರೊಸೆಸ್ ಇದೆಯೇ, ಅದಕ್ಕೆ ಸಿಗ್ನಲ್ ಕಳಿಸುವ ಅನುಮತಿ ನಿಮಗಿದೆಯೇ ಎಂಬುದನ್ನಷ್ಟೇ ನೋಡುತ್ತದೆ. ಅದು ನಿಮ್ಮದೇ ಪ್ರೊಸೆಸ್ ಎಂಬ ಭರವಸೆ ಈ ಉತ್ತರದಲ್ಲಿಲ್ಲ. ಪಿಐಡಿಗಳು ಒಂದು ಮಿತಿಯನ್ನು ಮುಟ್ಟಿದ ಮೇಲೆ ಮತ್ತೆ ಕೆಳಗಿನಿಂದ ಹಂಚಿಕೆಯಾಗುತ್ತವೆ; ಲಿನಕ್ಸ್‌ನಲ್ಲಿ ಬಹುಕಾಲ ಆ ಮಿತಿ 32768 ಆಗಿತ್ತು. ಹೀಗಾಗಿ ಹಳೆಯ ಫೈಲಿನಲ್ಲಿರುವ ಸಂಖ್ಯೆ ಇಂದು ಸಂಬಂಧವೇ ಇಲ್ಲದ ಇನ್ನೊಂದು ಪ್ರೊಸೆಸ್‌ಗೆ ಸೇರಿರಬಹುದು.

ಎರಡನೆಯ ಕಾರಣ ಜಾಂಬಿ ಪ್ರೊಸೆಸ್. ಮುಗಿದುಹೋದ ಪ್ರೊಸೆಸ್‌ನ ಫಲಿತಾಂಶವನ್ನು ಅದರ ಪೇರೆಂಟ್ (ಅದನ್ನು ಆರಂಭಿಸಿದ ಪ್ರೊಸೆಸ್) ವೇಟ್ ಕರೆಯ ಮೂಲಕ ಪಡೆದುಕೊಳ್ಳುವವರೆಗೂ ಕರ್ನಲ್‌ನ ಪಟ್ಟಿಯಲ್ಲಿ ಅದರ ನಮೂದು ಉಳಿದಿರುತ್ತದೆ, ಮತ್ತು ನಿಮ್ಮ ಪರೀಕ್ಷೆ ಅದನ್ನೂ ‘ಇದೆ’ ಎಂದೇ ಎಣಿಸುತ್ತದೆ. ನಿಮ್ಮ ಕಾವಲು ಪ್ರೋಗ್ರಾಂ ತಾನೇ ಫೋರ್ಕ್ ಮಾಡಿ (ಹೊಸ ಪ್ರೊಸೆಸ್ ಸೃಷ್ಟಿಸಿ), ಆಮೇಲೆ ವೇಟ್ ಮಾಡದೆ ಬಿಟ್ಟಿದ್ದರೆ ಆ ಜಾಂಬಿ ಅಲ್ಲಿಂದಲೇ ಹುಟ್ಟಿದ್ದು. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು: ಕಿಲ್ ಕರೆ ವಿಫಲವಾದರೆ ದೋಷ ಸಂಕೇತವನ್ನು ನೋಡಲೇಬೇಕು. ಇಎಸ್‌ಆರ್‌ಸಿಎಚ್ ಎಂದರೆ ಪ್ರೊಸೆಸ್ ಇಲ್ಲ. ಇಪರ್ಮ್ ಎಂದರೆ ಇದೆ, ಆದರೆ ಅನುಮತಿಯಿಲ್ಲ. ಎರಡನ್ನೂ ಒಂದೇ ಎಂದುಕೊಂಡರೆ ಓಡುತ್ತಿರುವ ಪ್ರೋಗ್ರಾಂನ ಇನ್ನೊಂದು ಪ್ರತಿ ಆರಂಭವಾಗಿಬಿಡುತ್ತದೆ.

ಪ್ರೊಸೆಸನ್ನು ಗುರುತಿಸಲು ಪಿಐಡಿಯ ಜೊತೆಗೆ ಅದು ಆರಂಭವಾದ ಸಮಯವನ್ನೂ ಇಟ್ಟುಕೊಳ್ಳಿ. ಪ್ರೊಸೆಸ್‌ಗಳ ಮಾಹಿತಿಯನ್ನು ಕರ್ನಲ್ ತೋರಿಸುವ ಪ್ರೊಕ್ ಡೈರೆಕ್ಟರಿಯೊಳಗೆ ಆ ಪಿಐಡಿಯ ಹೆಸರಿನ ಡೈರೆಕ್ಟರಿಯಲ್ಲಿರುವ ಸ್ಟ್ಯಾಟ್ ಫೈಲಿನ 22ನೆಯ ಅಂಕಣದಲ್ಲಿ ಅದು ಸಿಗುತ್ತದೆ. 3ನೆಯ ಅಂಕಣ ಪ್ರೊಸೆಸ್‌ನ ಸ್ಥಿತಿಯನ್ನು ಹೇಳುತ್ತದೆ, ಅಲ್ಲಿ ‘ಝಡ್’ ಇದ್ದರೆ ಅದು ಜಾಂಬಿ. ಈ ಸಾಲನ್ನು ಬರಿಯ ಖಾಲಿ ಜಾಗಗಳ ಆಧಾರದ ಮೇಲೆ ಒಡೆಯಬೇಡಿ. 2ನೆಯ ಅಂಕಣದಲ್ಲಿ ಆವರಣದೊಳಗೆ ಬರುವ ಹೆಸರಿನಲ್ಲಿ ಖಾಲಿ ಜಾಗವೂ ಆವರಣ ಚಿಹ್ನೆಯೂ ಇರಬಹುದಾದ್ದರಿಂದ, ಸಾಲಿನ ಕೊನೆಯ ಮುಚ್ಚುವ ಆವರಣವನ್ನು ಹುಡುಕಿ ಅದರ ಮುಂದಿನಿಂದ ಎಣಿಸಬೇಕು.

ಆದರೂ ಪರೀಕ್ಷಿಸಿದ ಕ್ಷಣಕ್ಕೂ ಸಿಗ್ನಲ್ ಕಳಿಸುವ ಕ್ಷಣಕ್ಕೂ ನಡುವೆ ಅಂತರ ಉಳಿದೇ ಇರುತ್ತದೆ. ಆದ್ದರಿಂದ ಕಾವಲು ಪ್ರೋಗ್ರಾಂ ತಾನೇ ಪೇರೆಂಟ್ ಆಗಿರುವುದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಫೋರ್ಕ್ ಮತ್ತು ಎಕ್ಸೆಕ್ (ಹೊಸ ಪ್ರೊಸೆಸ್‌ನಲ್ಲಿ ಬೇಕಾದ ಪ್ರೋಗ್ರಾಂ ಓಡಿಸುವ ಕರೆ) ಮೂಲಕ ಪ್ರೋಗ್ರಾಂ ಆರಂಭಿಸಿ ವೇಟ್‌ಪಿಡ್‌ನಲ್ಲಿ ಕಾಯುತ್ತಿದ್ದರೆ, ಅದು ತಾನಾಗಿ ಮುಗಿಯಿತೇ ಅಥವಾ ಯಾವ ಸಿಗ್ನಲ್‌ನಿಂದ ಸತ್ತಿತು ಎಂಬುದು ತಡವಿಲ್ಲದೆ ತಿಳಿಯುತ್ತದೆ. ನೀವು ವೇಟ್ ಮಾಡುವವರೆಗೂ ಆ ಸಂಖ್ಯೆ ಬೇರೆ ಯಾರಿಗೂ ಹೋಗುವುದಿಲ್ಲ. ಪಿಐಡಿ ಫೈಲೇ ಬೇಕಾಗುವುದಿಲ್ಲ. ಪ್ರೋಗ್ರಾಂ ತನ್ನನ್ನು ತಾನೇ ಹಿನ್ನೆಲೆಗೆ ಕಳಿಸಿಕೊಳ್ಳುವ ಬಗೆಯದಾಗಿದ್ದರೆ ಅದನ್ನು ಮುನ್ನೆಲೆಯಲ್ಲೇ ಓಡಿಸುವ ಆಯ್ಕೆಯನ್ನು ಬಳಸಿ, ಮತ್ತು ಪದೇ ಪದೇ ಸಾಯುತ್ತಿದ್ದರೆ ಪ್ರತಿ ಮರು ಆರಂಭಕ್ಕೂ ಮುನ್ನ ಕಾಯುವ ಅವಧಿಯನ್ನು ಹೆಚ್ಚಿಸುತ್ತಾ ಹೋಗಿ. ಬೇರೆಯವರು ಆರಂಭಿಸಿದ ಪ್ರೊಸೆಸನ್ನು ಕಾಯಬೇಕಾದರೆ ಲಿನಕ್ಸ್ 5.3ರಿಂದ ಪಿಡ್‌ಎಫ್‌ಡಿ ಸೌಲಭ್ಯವಿದೆ; ಅದು ಬರಿಯ ಸಂಖ್ಯೆಯ ಬದಲು ಆ ಪ್ರೊಸೆಸನ್ನೇ ಹಿಡಿದಿಡುವ ಗುರುತು. ಬಿಎಸ್‌ಡಿ ಮತ್ತು ಮ್ಯಾಕ್‌ಓಎಸ್‌ಗಳಲ್ಲಿ ಕೆಕ್ಯೂ ಅದೇ ಕೆಲಸ ಮಾಡುತ್ತದೆ.

ಇನ್ನು ಸಿಪಿಯು ಪ್ರಮಾಣ. ಸ್ಟ್ಯಾಟ್ ಫೈಲಿನ 14 ಮತ್ತು 15ನೆಯ ಅಂಕಣಗಳಲ್ಲಿ ಪ್ರೊಸೆಸ್ ಬಳಸಿದ ಸಿಪಿಯು ಸಮಯ ಟಿಕ್ ಎಂಬ ಅಳತೆಯಲ್ಲಿರುತ್ತದೆ. ಅವುಗಳ ಮೊತ್ತವನ್ನು ಸ್ವಲ್ಪ ಅಂತರ ಬಿಟ್ಟು ಎರಡು ಬಾರಿ ಓದಿ, ವ್ಯತ್ಯಾಸವನ್ನು ಒಂದು ಸೆಕೆಂಡಿನ ಟಿಕ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬಳಕೆಯಾದ ಸೆಕೆಂಡುಗಳು ಸಿಗುತ್ತವೆ. ಅದನ್ನು ಕಳೆದ ಸಮಯದಿಂದ ಭಾಗಿಸಿ 100ರಿಂದ ಗುಣಿಸಿ. ಟಿಕ್‌ಗಳ ಸಂಖ್ಯೆ ಸಾಮಾನ್ಯವಾಗಿ 100 ಇದ್ದರೂ ಸಿಸ್‌ಕಾನ್ಫ್ ಕರೆಯ ಮೂಲಕ ಸಿಸ್ಟಂ ಅನ್ನು ಕೇಳಿಯೇ ತಿಳಿಯುವುದು ಒಳ್ಳೆಯದು. ಹಲವು ಥ್ರೆಡ್‌ಗಳಿರುವ (ಏಕಕಾಲಕ್ಕೆ ಹಲವು ಸಿಪಿಯು ಕೋರ್‌ಗಳಲ್ಲಿ ಓಡಬಲ್ಲ) ಪ್ರೊಸೆಸ್‌ನಲ್ಲಿ ಉತ್ತರ ನೂರನ್ನು ದಾಟಿದರೆ ಗಾಬರಿಯಾಗಬೇಕಿಲ್ಲ. ಲಿನಕ್ಸ್‌ನ ಪಿಎಸ್ ಆದೇಶ ಪ್ರೊಸೆಸ್‌ನ ಇಡೀ ಆಯುಷ್ಯದ ಸರಾಸರಿಯನ್ನು ತೋರಿಸುವುದರಿಂದ ನಿಮ್ಮ ಅಂಕಿ ಅದಕ್ಕೆ ತಾಳೆಯಾಗದು. ಹೋಲಿಸುವುದಾದರೆ, ಇತ್ತೀಚಿನ ಅಂತರದ ಬಳಕೆಯನ್ನು ತೋರಿಸುವ ಟಾಪ್ ಆದೇಶದೊಂದಿಗೆ ಹೋಲಿಸಿ.